ಗಾಳ ಬಂದ್ ಆದರೂ ಹೊಳೆಗೆ ಹೋಗುವವನು

ನನ್ನ ಹೆಂಡತಿಯ ತಮ್ಮನಷ್ಟು ಶ್ರದ್ಧೆಯಿಂದ ಬರಿಗೈಯಲ್ಲಿ ಮರಳುವ ಮೀನುಗಾರ ನೆದರ್‌ಲ್ಯಾಂಡ್ಸಿನ ಈ ಮಾಸ್ಟ್ರಿಕ್ಟಿನಲ್ಲಿ ಇನ್ನೊಬ್ಬನಿಲ್ಲ! ಪರವಾನಗಿ ಇದೆ, ಮಡಿಸುವ ಕುರ್ಚಿ ಇದೆ, ಮೂರು ಗಾಳ ಇವೆ. ಮೀನು ಮಾತ್ರ ಇಲ್ಲ. ಆದರೂ ಅವನು ಹೊಳೆಗೆ ಹೊರಟರೆ ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಬಿಸಿಬಿಸಿ ಗೋಳಿಬಜೆ ಕಟ್ಟಿಕೊಡುತ್ತಾಳೆ. ನಲವತ್ತು ವರ್ಷಗಳಿಂದ ಐದಕ್ಕೆ ಏಳುವ, ಆರಕ್ಕೆ ನಡೆಯುವ ನನಗೆ? ಎರಡು ಬಿಸ್ಕತ್ತು!

ಹಾಗಾಗಿ ದಂಡೆಯಲ್ಲಿ ಹೊಸ ಫಲಕ ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಸಾಲ್ಮನ್ ಮೀನು ತೀರಾ ಕಡಿಮೆಯಾಗಿದೆ. ಅವು ಮೊಟ್ಟೆಯಿಡಲು ಹೊಳೆ ಏರಿ ಹೋಗುವ ತನಕ ಇಲ್ಲಿ ಯಾರೂ ಗಾಳ ಹಾಕಬಾರದು. ಈ ಸುದ್ದಿಯನ್ನು ನಾನೇ ಅವನಿಗೆ ಮುಟ್ಟಿಸಿದೆ, ಸ್ವಲ್ಪ ಗಟ್ಟಿಯಾಗಿಯೇ.

“ಒಳ್ಳೇದಾಯ್ತಲ್ಲ ಭಾವ! ಊರಲ್ಲಿ ಮಳೆಗಾಲಕ್ಕೆ ಮೀನು ಮೊಟ್ಟೆಯಿಡ್ಲಿ ಅಂತ ದೋಣಿ ಮೇಲೆ ಎಳೆಯುದಿಲ್ವಾ? ಹಾಗೇ. ಅವು ಹೋಗಿ ಮುಟ್ಟುವವರೆಗೆ ನಾನು ಮೀನೇ ತಿನ್ನುದಿಲ್ಲ.”

ಆ ಶುಕ್ರವಾರ ಸಂತೆಯಿಂದ ನನ್ನ ಬಂಗುಡೆ ಮೀನು ಬರಲಿಲ್ಲ. ಬದನೆಕಾಯಿ ಬಂತು!

“ಸಾಲ್ಮನ್ ಕಡಿಮೆಯಾದ್ರೆ ಬಂಗುಡೆ ಎಂತ ಮಾಡಿತು ಮಾರಾಯ್ತಿ?”

“ಪಾಪ, ತಮ್ಮ ಬಿಟ್ಟಿದ್ದಾನೆ. ನಾನು ತಿನ್ನುದು ಹೇಗೆ?”

“ಡಾಕ್ಟರು ನನಗೆ ಸಕ್ಕರೆ ಬಿಡಿಸಿದಾಗ ನೀನು ಹೋಳಿಗೆ ಬಿಟ್ಟಿಯಾ?”

“ನೀವು ಬಿಟ್ಟಿದ್ರೆ ತಾನೇ!”

ಇಷ್ಟಾದರೂ ಅವನು ದಿನಾ ಹೊಳೆಗೆ ಹೋಗುವುದು ನಿಲ್ಲಲಿಲ್ಲ. ಗಾಳವಿಲ್ಲ, ಕುರ್ಚಿ ಮಾತ್ರ. ಕೆಲಸವಿಲ್ಲದ ಡಚ್ ಮೀನುಗಾರರೂ ಬಂದು ಸುತ್ತ ಕೂತರು; ಗೋಳಿಬಜೆ ತಿಂದರು; ಅವನ ಹರಕುಮುರುಕು ಡಚ್ ಕೇಳಿ ಬಿದ್ದು ಬಿದ್ದು ನಕ್ಕರು. ತಪ್ಪಿಲ್ಲದ ಡಚ್ ಆಡುವ ನನ್ನ ಜೊತೆ ಈ ಊರಿನಲ್ಲಿ ಒಬ್ಬರಾದರೂ ಹೀಗೆ ಕೂತದ್ದುಂಟೆ? ಹೊಟ್ಟೆ ಉರಿಯಿತು ಎಂದರೆ ಕಡಿಮೆಯಾದೀತು.

ಒಂದು ಸಂಜೆ ಅವರೆಲ್ಲ ಎದ್ದುಹೋದ ಮೇಲೆ ಹೋಗಿ ಕೇಳಿಯೇಬಿಟ್ಟೆ. “ಗಾಳ ಇಲ್ಲದೆ ಇಲ್ಲಿ ಎಂತ ಮಾಡ್ತೀಯ?”

ಅವನು ನೀರಿನ ಕಡೆಗೇ ಮುಖ ಮಾಡಿಕೊಂಡಿದ್ದ. “ಭಾವ, ಅಕ್ಕನಿಗೆ ಹೇಳ್ಬೇಡಿ, ಹೆದರ್ತಾಳೆ. ನಂಗೀಗ ನೀರಲ್ಲಿ ತೇಲುವ ಗಾಳದ ಬೆಂಡು ಕಣ್ಣಿಗೆ ಕಾಣುದಿಲ್ಲ. ಬಂದ್ ಆದದ್ದು ನಂಗೇ ಒಳ್ಳೇದಾಯ್ತು, ಯಾರಿಗೂ ಗೊತ್ತಾಗ್ಲಿಲ್ಲ. ಪುನಃ ಗಾಳ ಹಾಕ್ಲಿಕ್ಕೆ ಬಿಟ್ಟ ಮೇಲೆ ನೀವು ಪಕ್ಕ ಕೂತ್ಕೊಳ್ತೀರಾ? ಬೆಂಡು ಮುಳುಗಿದ್ರೆ ಹೇಳ್ಲಿಕ್ಕೆ.”

ಅಷ್ಟು ಜನ ಗೆಳೆಯರಿದ್ದರು. ಕೇಳಿದ್ದು ನನ್ನನ್ನು.

“ಮೊದಲು ಕಣ್ಣಿನ ಡಾಕ್ಟರು,” ಎಂದು ಗದರಿದೆ. “ನಾನೇ ಕರ್ಕೊಂಡು ಹೋಗ್ತೇನೆ.”

ಅವನ ಕುರ್ಚಿ ಮಡಿಸಿ ಹೆಗಲಿಗೇರಿಸಿಕೊಂಡೆ. ದಂಡೆಯ ಮೆಟ್ಟಿಲ ಬಳಿ ಕೈ ಚಾಚಿದೆ. ಕಂಡಿತೋ ಇಲ್ಲವೋ, ಹಿಡಿದುಕೊಂಡ.