ಇಂದ್ರಾಬಾಯಿ ಕೊಟ್ಟ ಬಾಟಲಿ

ಜೀವರಸಾಯನ ಕಲಿಸುವ ಮಾಸ್ತರನ ಪಕ್ಕದ ಖೋಲಿ ಸಿಕ್ಕಿದ್ದು ತಮ್ಮ ಪುಣ್ಯವೆಂದು ಇಂದ್ರಾಬಾಯಿ ನಂಬಿದ್ದಳು. ಆ ಮಾಸ್ತರ ಅಣವೀರಪ್ಪನಿಗೆ ಅದು ಯಾವ ಜನ್ಮದ ಪಾಪವೋ ತಿಳಿದಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಅವನು ಪಾರ್ಟ್‌ಟೈಮ್ ಮಾಸ್ತರ. ಬೇಸಿಗೆ ರಜೆ ಬಂತೆಂದರೆ ನೌಕರಿ ಬಿಸಿಲಿಗಿಟ್ಟ ಕರ್ಪೂರದಂತೆ ಮಾಯ. ವಡಾಲದ ಆ ಚಾಳಿನಲ್ಲಿ ಮಾತ್ರ ಅವನು ವರ್ಷವಿಡೀ ಪುಕ್ಕಟೆಯಾಗಿ ಮೂತ್ರದ ಸಕ್ಕರೆ ನೋಡಿಕೊಡುವ ಡಾಕ್ಟರ.

ಅಂದು ಕೆಲಸ ಕಾಯಮ್ ಆಗುವುದೋ ಇಲ್ಲವೋ ತೀರ್ಮಾನವಾಗಬೇಕಿತ್ತು. ವಿಭಾಗದ ಮುಖ್ಯಸ್ಥರೇ ಪಾಠ ಕೇಳಲು ಬರುವವರಿದ್ದರು. ವಿಭೂತಿ ಧರಿಸಿ, ಶಿವನನ್ನು ನೆನೆದು ಹೊಸ್ತಿಲು ದಾಟಿದರೆ ಎದುರಿಗೆ ಇಂದ್ರಾಬಾಯಿ, ಸೆರಗಿನ ಮರೆಯಲ್ಲಿ ಕೆಮ್ಮಿನ ಔಷಧದ ಹಳೆಯ ಬಾಟಲಿ.

“ಮಾಸ್ತರ್ರ, ನಮ್ಮನಿಯವ್ರ ಕಾಲು ಬಾತಾವ್ರಿ. ಸಕ್ಕರಿನ ಇರಬೇಕಂತಾಳ ಆ ಕಡಿ ಖೋಲಿ ಗಂಗುಬಾಯಿ.”

“ಇವತ್ತ ಬ್ಯಾಡ್ರಿ. ದವಾಖಾನಿಗೆ ಕರ್ಕೊಂಡು ಹೋಗ್ರಿ.”

“ಹೋಗಂದ್ರ ಹೋಗಂಗಿಲ್ರಿ ಅವ್ರು. ಬಾಟಲಿ ತುಂಬಸಾಕನ ದೇವರ ಆಣಿ ಹಾಕೀನಿ.”

ಬಾಟಲಿ ಚೀಲ ಸೇರಿತು. ಲೋಕಲ್ ರೈಲಿನಲ್ಲಿ ಅಣವೀರಪ್ಪ ಚೀಲವನ್ನು ಎಳೆಗೂಸಿನಂತೆ ಎದೆಗವಚಿಕೊಂಡು ನಿಂತ. ಕುಳಿತವರೊಬ್ಬರು ತೊಡೆಯ ಮೇಲಿಟ್ಟುಕೊಳ್ಳುತ್ತೇನೆಂದು ಕೈಚಾಚಿದಾಗ ಅವನು ಬೆಚ್ಚಿ ಹಿಂದೆ ಸರಿದ. ಒಳಗೆ ಬಂಗಾರವಿದೆಯೆಂದು ಡಬ್ಬಿಯ ಜನವೆಲ್ಲ ತಿಳಿದು, ಇಳಿಯುವತನಕ ಅವನನ್ನೇ ನೋಡಿದರು.

ಅಂದಿನ ಪಾಠವೂ ಮೂತ್ರದಲ್ಲಿ ಸಕ್ಕರೆ ಪತ್ತೆಹಚ್ಚುವುದೇ. ಬಾಟಲಿ ಹೇಗೂ ಬಂದಿದೆ, ರೋಗಿಯದೆಂದು ಅದನ್ನೇ ತೋರಿಸೋಣ ಎಂದುಕೊಂಡ. ಆರೋಗ್ಯವಂತನದು ಬೇಕಲ್ಲ, ಮರೆಗೆ ಹೋಗಿ ತನ್ನದನ್ನೇ ತಂದ. ಇದು ರೋಗಿಯದು, ಇದು ಆರೋಗ್ಯವಂತನದು ಎಂದು ಹುಡುಗರಿಗೆ ತೋರಿಸಿ, ಎರಡು ನಳಿಕೆಗಳಿಗೂ ನೀಲಿ ದ್ರಾವಣ ಹಾಕಿ ಕಾಯಿಸಿದ. ಸಕ್ಕರೆ ಇದ್ದದ್ದು ಇಟ್ಟಿಗೆಯಂತೆ ಕೆಂಪಾಗಬೇಕು.

ಇಂದ್ರಾಬಾಯಿಯ ಗಂಡನ ನಳಿಕೆ ನೀಲಿಯಾಗಿಯೇ ಉಳಿಯಿತು. ಅಣವೀರಪ್ಪನದು ಕೆಂಪಾಯಿತು.

ಹುಡುಗರು ನಕ್ಕರು. ಆದರೂ ಬಿದ್ದವನು ಅಲ್ಲೇ ಸಾಷ್ಟಾಂಗ ಹಾಕಿದಂತೆ, ರೋಗಿ ಯಾರೆಂದು ಮುಖ ನೋಡಿ ಹೇಳಲಾಗದು, ಇದನ್ನು ಕಲಿಸಲೆಂದೇ ಹೀಗೆ ಮಾಡಿದೆ ಎಂದುಬಿಟ್ಟ. ಮುಖ್ಯಸ್ಥರು ಎದ್ದು ಬಂದು ಬೆನ್ನು ತಟ್ಟಿದರು. ನೌಕರಿ ನಿನ್ನದೇ, ಈಗಲೇ ಹೋಗಿ ಡಾಕ್ಟರರಿಂದ ಆರೋಗ್ಯದ ಸರ್ಟಿಫಿಕೇಟು ತಾ ಎಂದರು.

ಡಾಕ್ಟರರು ಖಾಲಿ ಸೀಸೆ ಕೊಟ್ಟು ಪರದೆಯ ಹಿಂದೆ ಕಳಿಸಿದರು. ಅಲ್ಲಿ ಅಣವೀರಪ್ಪ ಬಹಳ ಹೊತ್ತು ನಿಂತ. ಶಿವನನ್ನು ನೆನೆಯುವ ಧೈರ್ಯವಾಗಲಿಲ್ಲ. ಕಣ್ಣುಮುಚ್ಚಿ, ಚೀಲದಲ್ಲಿದ್ದ ಇಂದ್ರಾಬಾಯಿಯ ಬಾಟಲಿಯಲ್ಲಿ ಉಳಿದದ್ದನ್ನು ಸೀಸೆಗೆ ಬಗ್ಗಿಸಿದ.

ಸಕ್ಕರೆ ಇಲ್ಲವೆಂದು ಡಾಕ್ಟರರು ಬರೆದರು. ಆಮೇಲೆ ಇನ್ನೊಂದಿಷ್ಟನ್ನು ಸುಮ್ಮನೆ ಕಾಯಿಸಿ, ಹುಳಿದ್ರವದ ಹನಿ ಬಿಟ್ಟರು. ಅದು ಒಡೆದ ಹಾಲಿನಂತೆ ಗಟ್ಟಿಯಾಯಿತು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡಲು ಅಣವೀರಪ್ಪನೇ ಹೋದ ತಿಂಗಳು ಕಲಿಸಿದ್ದ ಪರೀಕ್ಷೆ ಅದು. ಚಾಳಿನವರು ಸಕ್ಕರೆ ಒಂದನ್ನೇ ಕೇಳುತ್ತಿದ್ದರು, ಅವನೂ ಸಕ್ಕರೆ ಒಂದನ್ನೇ ನೋಡುತ್ತಿದ್ದ.

ಡಾಕ್ಟರರು ಅವನ ಪ್ಯಾಂಟು ಮೇಲೆತ್ತಿ ಕಡ್ಡಿಯಂತಹ ಕಾಲುಗಳನ್ನು ಒತ್ತಿ ನೋಡಿದರು. “ಇನ್ನೂ ಬಾತಿಲ್ಲ. ಮುಂದೆ ಬಾತುಕೊಳ್ಳುತ್ತವೆ. ಕಿಡ್ನಿ ಎರಡೂ ಹೋದ ಹಾಗೆ ಕಾಣುತ್ತದೆ,” ಎಂದು ಮೆತ್ತಗೆ ಹೇಳಿ, ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸಿದರು. ನೌಕರಿಗೆ ಅನರ್ಹನೆಂದು ಬರೆದುಕೊಟ್ಟರು. ಅದು ತನ್ನದಲ್ಲವೆಂದು ಹೇಳುವಂತಿರಲಿಲ್ಲ. ತನ್ನದನ್ನು ಕೊಡುವಂತೆಯೂ ಇರಲಿಲ್ಲ.

ಸಂಜೆ ಚಾಳಿನ ಮೆಟ್ಟಿಲಲ್ಲೇ ಇಂದ್ರಾಬಾಯಿ ಕಾದಿದ್ದಳು. “ಸಕ್ಕರಿ ಐತೇನ್ರಿ?”

“ಸಕ್ಕರಿ ಇಲ್ಲ. ಆದರ…”

ಮುಂದಿನದು ಅವಳಿಗೆ ಬೇಕಿರಲಿಲ್ಲ. ಒಳಗೋಡಿ ದೇವರ ಮುಂದಿಟ್ಟಿದ್ದ ಪೇಢೆ ತಂದು, ಮಾಸ್ತರರ ಬಾಯಿ ಮೊದಲು ಸಿಹಿಯಾಗಲೆಂದು ಅವನ ಬಾಯಿಗೆ ತುರುಕಿದಳು. ಅವಳ ಹಿಂದೆ ಗಂಡ ಗುರಲಿಂಗಪ್ಪ ಊದಿದ ಕಾಲೆಳೆಯುತ್ತ ನಗುನಗುತ್ತ ಬಂದ.

“ಹೇಳಿದ್ನಿಲ್ಲೇನ್ರಿ ಮಾಸ್ತರ, ನನಗೇನೂ ಆಗಿಲ್ಲಂತ. ನಾಳಿಂದ ಬಂದರಕ್ಕ ಮೂಟಿ ಹೊರಾಕ ಹೊಂಟೆ.”

ಬಾಯಲ್ಲಿ ಪೇಢೆ ಇರುವತನಕ ಅಣವೀರಪ್ಪ ಮಾತನಾಡಬೇಕಾಗಿರಲಿಲ್ಲ. ಅವನು ಅದನ್ನು ಮೆಲ್ಲಗೆ, ಬಹಳ ಮೆಲ್ಲಗೆ ತಿಂದ.