ವೇಗಕ್ಕೆ ಬಗ್ಗದ ನಡುಕ

ಕಾರ್ಖಾನೆಯೊಳಗೆ ಮೊಬೈಲ್ ಒಯ್ಯುವಂತಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಹನ್ನೊಂದು ವರ್ಷ ಈ ನಿಯಮ ಪಾಲಿಸಿದ ನಾಡಿ ಡಾಕ್ಟ್ರು ಅವತ್ತೊಂದು ದಿನ ಮುರಿದರು. ಯಂತ್ರಗಳ ನಡುಕ ಅಳೆಯುವುದು ಅವರ ಕೆಲಸ, ಅದಕ್ಕೇ ಆ ಹೆಸರು.

ಮೂರು ಗಂಟೆಗೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ.

“ಅರ್ಧ ಗಂಟೆ ಅಲ್ಲಾಡದೆ ನಿಂತಿರ್ಬೇಕಪ್ಪಾ. ನೀನು ಮುಂದಿನ ಸಾಲಲ್ಲಿ ಕೂತಿದ್ರೇನೇ ನಂಗೆ ಧೈರ್ಯ” ಎಂದಿದ್ದಳು.

ಹೋದ ಎರಡು ವರ್ಷವೂ ಕೈಕೊಟ್ಟಿದ್ದ ಅಪ್ಪ, “ಹೊರಡೋ ಹೊತ್ತಿಗೆ ಅಮ್ಮನ ಫೋನಿಂದ ಕಾಲ್ ಮಾಡು, ಓಡಿ ಬರ್ತೀನಿ” ಎಂದು ಮಾತು ಕೊಟ್ಟರು. ಫೋನಿನ ಸದ್ದಡಗಿಸಿ ಸೆನ್ಸರ್ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟರು. ಪೆಟ್ಟಿಗೆ ಹೇಗೂ ಕೈಯಲ್ಲೇ ಇರುತ್ತದೆ, ಅದುರಿದರೆ ತಿಳಿಯುತ್ತದೆ ಎಂಬುದು ಅವರ ಲೆಕ್ಕ.

ಎರಡು ಗಂಟೆಗೆ ದೊಡ್ಡ ಫ್ಯಾನಿನ ತಪಾಸಣೆ. ಸೆನ್ಸರನ್ನು ಬೇರಿಂಗಿಗೆ ಅಂಟಿಸಿ, ಹಳೇ ರೂಢಿಯಂತೆ ಪೆಟ್ಟಿಗೆಯನ್ನು ಅದರ ಪಕ್ಕದಲ್ಲೇ ಇಟ್ಟರು. ಎರಡು ಹತ್ತಕ್ಕೆ ಪರದೆಯ ಮೇಲೆ ಹೊಸದೊಂದು ಗೆರೆ ಎದ್ದಿತು.

“ಬೇರಿಂಗ್ ಹೋಯ್ತು!” ಫೋರ್‌ಮನ್ ಕೂಗಿದ.

“ತಡೀರಿ. ಫ್ಯಾನಿಂದೇ ಆದ್ರೆ, ವೇಗ ಇಳಿಸಿದಾಗ ಇದೂ ಇಳೀಬೇಕು” ಎಂದರು ಡಾಕ್ಟ್ರು.

ವೇಗ ಅರ್ಧಕ್ಕೆ ಇಳಿಯಿತು. ಉಳಿದ ಗೆರೆಗಳೆಲ್ಲ ವಿಧೇಯವಾಗಿ ಕೆಳಗೆ ಸರಿದವು. ನಡುವೆ ಮಾಯವಾಗಿ ಮತ್ತೆ ಎದ್ದ ಈ ಗೆರೆ ಮಾತ್ರ ಹಟಮಾರಿ ಎಮ್ಮೆಯಂತೆ ಇದ್ದಲ್ಲೇ ನಿಂತಿತು.

“ಇದು ಫ್ಯಾನಿಂದಲ್ಲ, ಹೊರಗಿಂದ ಬರ್ತಿದೆ” ಎಂದರು ಡಾಕ್ಟ್ರು. ಅಷ್ಟಕ್ಕೇ ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದರೆ ಚೆನ್ನಾಗಿತ್ತು.

“ಎಲ್ಲಿಂದ?” ಎಂದ ಫೋರ್‌ಮನ್. ವಿದ್ಯೆಗೆ ಸವಾಲು ಹಾಕಿದಂತಾಯಿತು.

ಪಕ್ಕದ ಪಂಪು ನಿಲ್ಲಿಸಿದರು. ಕ್ರೇನು ನಿಲ್ಲಿಸಿದರು. ಸ್ಟೋರ್ ಕೀಪರ್ ತಾನಾಗಿ ಬಂದು ಕ್ಯಾಂಟೀನಿನ ಗ್ರೈಂಡರನ್ನೂ ನಿಲ್ಲಿಸಿದ. ನಡುಕ ಬರುತ್ತಿತ್ತು, ಹೋಗುತ್ತಿತ್ತು. ಡಾಕ್ಟ್ರು ಒಂದೊಂದರ ಸಮಯವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ನಡುವೆ ಗಡಿಯಾರ ನೋಡಿ, ‘ಮಗಳು ಇನ್ನೂ ಕರೆದಿಲ್ಲ, ಹೊತ್ತಿದೆ’ ಎಂದುಕೊಂಡರು.

ಮೂರಕ್ಕೆ ಎರಡು ನಿಮಿಷವಿದ್ದಾಗ ಸ್ಟೋರ್ ಕೀಪರ್ ರೇಗಿ ಪಂಪಿಗೊಂದು ಒದೆ ಕೊಟ್ಟ. ಆಮೇಲೆ ಗೆರೆ ಏಳಲೇ ಇಲ್ಲ.

“ನೋಡಿದ್ರಾ! ಓದಿದೋರ ಕೈಲಿ ಆಗದ್ದು ಒಂದೇ ಒದೆಗೆ ಆಯ್ತು!”

ಎಲ್ಲರೂ ನಕ್ಕರು. ಡಾಕ್ಟ್ರು ಸೆನ್ಸರ್ ತೆಗೆದಿಡಲು ಪೆಟ್ಟಿಗೆ ತೆರೆದರು. ಫೋನಿನಲ್ಲಿ ಒಂಬತ್ತು ಕರೆಗಳಿದ್ದವು. ಎರಡು ಹತ್ತು, ಎರಡು ಹದಿನಾಲ್ಕು, ಎರಡು ಇಪ್ಪತ್ತು… ಕೈಯಲ್ಲಿದ್ದ ಪಟ್ಟಿಗೂ ಅದಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವರು ಕೂಸು ಕೂಗಿದ್ದನ್ನು ಬರೆದೂ ಇಟ್ಟಿದ್ದರು.

ಅವರು ಓಡಿ ಶಾಲೆ ಮುಟ್ಟಿದಾಗ ಕುರ್ಚಿಗಳನ್ನು ಮಡಚುತ್ತಿದ್ದರು.

“ಮರ ಮೊದಲಿಂದ ಕೊನೇವರೆಗೂ ನಡುಗ್ತಾನೇ ಇತ್ತು” ಎಂದಳು ಹೆಂಡತಿ, ಮುಖ ನೋಡದೆ.

ಮಗಳ ತೋಳಿನಲ್ಲಿ ಇನ್ನೂ ಎರಡು ಕಾಗದದ ಎಲೆಗಳಿದ್ದವು. “ಯಾಕಪ್ಪಾ ಫೋನ್ ಎತ್ಲಿಲ್ಲ?”

“ಒಂದು ನಡುಕ ಎಲ್ಲಿಂದ ಬರ್ತಿದೆ ಅಂತ ಹುಡುಕ್ತಿದ್ದೆ ಮಗಳೇ.”

“ಸಿಕ್ತಾ?”

ಅವರು ಬಗ್ಗಿ, ಕೆಳಗೆ ಬಿದ್ದಿದ್ದ ಎಲೆಯೊಂದನ್ನು ಎತ್ತಿಕೊಂಡರು.

“ಸಿಕ್ತು” ಎಂದರು.