ಗಿರಾಕಿ ಬರಲೆಂದು ಬಾಗಿಲು ಬದಲಿಸಿದ್ದು

ಅಂಗಡಿಯವನಿಗೆ ಬುದ್ಧಿ ಹೇಳಲು ಅಂಗಡಿ ಇಟ್ಟ ಅನುಭವವೇನೂ ಬೇಕಾಗಿಲ್ಲ. ಡಾಕ್ಟರಿಗೆ ಬುದ್ಧಿ ಹೇಳಲು ಜನ ಸ್ವಲ್ಪ ಅಳುಕುತ್ತಾರೆ, ವಕೀಲರ ಎದುರು ದನಿ ತಗ್ಗಿಸುತ್ತಾರೆ. ಆದರೆ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಅಂಗಡಿಯವನದೇ ಚಹಾ ಕುಡಿಯುತ್ತ, ವ್ಯಾಪಾರ ಹೇಗೆ ಮಾಡಬೇಕೆಂದು ಅವನಿಗೇ ಹೇಳುವ ಹಕ್ಕು ಎಲ್ಲರಿಗೂ ಇದೆ. ಎಂಬತ್ತರ ದಶಕದಲ್ಲಿ ಅಫಜಲಪುರದ ಬಜಾರಿನಲ್ಲಿ ನಾನು ಅರಿವೆ ಅಂಗಡಿ ನಡೆಸುತ್ತಿದ್ದಾಗ ಇಂಥ ಹಕ್ಕುದಾರರು ಗಿರಾಕಿಗಳಿಗಿಂತ ಹೆಚ್ಚಿದ್ದರು. ಯಾರ ಮಾತನ್ನೂ ಕೇಳದವನು ಎಂದು ನಾನೂ ಹೆಸರು ಮಾಡಿದ್ದೆ. ಕೇಳಿದ್ದು ಒಬ್ಬನ ಮಾತು ಮಾತ್ರ, ನನ್ನ ಹೆಂಡತಿಯ ತಮ್ಮ ರಾಜುವಿನದು. ಹೆಂಡತಿಯ ತಮ್ಮ ಎಂಬ ಕಾರಣಕ್ಕಲ್ಲ, ಅವನು ಸೊಲ್ಲಾಪುರದಲ್ಲಿದ್ದ ಎಂಬ ಕಾರಣಕ್ಕೆ. ಸೊಲ್ಲಾಪುರದಿಂದ ಬಂದದ್ದು ಚಾದರವಾಗಲಿ, ಸಲಹೆಯಾಗಲಿ, ಬಾಳಿಕೆ ಬರುತ್ತದೆಂದು ನಮ್ಮ ಕಡೆ ಒಂದು ನಂಬಿಕೆ.

ಆ ವರ್ಷ ನನಗೆ ಸಲಹೆಯ ಅಗತ್ಯವೂ ಇತ್ತು. ಬಸ್ ನಿಲ್ದಾಣದ ಹತ್ತಿರ ಕಲ್ಲಪ್ಪ ಎಂಬವನು ಹೊಸ ಅರಿವೆ ಅಂಗಡಿ ತೆರೆದಿದ್ದ. ಬಸ್ಸಿನಿಂದ ಇಳಿದವರು ನನ್ನ ತನಕ ನಡೆದು ಬರುವ ಮೊದಲೇ ಅವನ ಅಂಗಡಿ ಸಿಗುತ್ತಿತ್ತು. ಮನುಷ್ಯ ಮೆತ್ತಗೆ ಮಾತನಾಡುವವನು, ಎದುರು ಸಿಕ್ಕರೆ ತಾನೇ ಮೊದಲು ಕೈ ಮುಗಿಯುವವನು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ, ಆದರೂ ನಾನು ಮಾಡಿಕೊಂಡೆ. ಅವನ ಅಂಗಡಿಯ ಮುಂದೆ ಹಾಯ್ದು ಹೋಗಬಾರದೆಂದು ನಿಶ್ಚಯಿಸಿ, ಬಸ್ ನಿಲ್ದಾಣಕ್ಕೆ ಹೋಗುವುದಿದ್ದರೆ ಹಿಂದಿನ ಓಣಿಯಿಂದ ಸುತ್ತು ಹಾಕುತ್ತಿದ್ದೆ. ಇದರಿಂದ ಕಲ್ಲಪ್ಪನಿಗೆ ಏನೂ ಆಗಲಿಲ್ಲ, ನನ್ನ ಚಪ್ಪಲಿ ಸವೆದವು.

ರಾಜು ಬಂದವನು ಅಂಗಡಿಯ ಎದುರು ರಸ್ತೆಯಲ್ಲಿ ನಿಂತು, ಎರಡೂ ಕೈ ಸೊಂಟದ ಮೇಲಿಟ್ಟು, ಬಹಳ ಹೊತ್ತು ನೋಡಿದ. "ಮಾಮಾ, ಸಿಟ್ಟಿಗೇಳಬ್ಯಾಡ್ರಿ. ಇದು ದುಕಾನ ಇದ್ದಂಗಿಲ್ಲ, ಕಾಳು ತುಂಬಿಡೂ ಕತ್ತಲ ಕ್ವಾಣಿ ಇದ್ದಂಗದ. ಒಳಗ ಏನದ ಅಂತ ಹೊರಗ ನಿಂತವ್ರಿಗೆ ಹ್ಯಾಂಗ ಗೊತ್ತಾಗಬೇಕು? ಈ ಬಾಗಿಲ ನೋಡ್ರಿ."

ಬಾಗಿಲು ನೀಲಿ ಬಣ್ಣದ್ದು, ಎರಡು ಹಲಗೆಯದು, ಸಾಗುವಾನಿ. ನೀಲಿ ಬಣ್ಣಕ್ಕೆ ದೊಡ್ಡ ಕಾರಣವೇನಿಲ್ಲ. ನಮ್ಮಪ್ಪ ಮನೆಯ ಕಿಟಕಿಗಳಿಗೆಂದು ತಂದ ಬಣ್ಣ ಮಿಕ್ಕಿತ್ತು. ವ್ಯಾಪಾರಿ ಮಿಕ್ಕಿದ್ದನ್ನು ಚೆಲ್ಲುವುದಿಲ್ಲ. ಆಮೇಲೆ ಪ್ರತಿ ದೀಪಾವಳಿಗೆ ಅದನ್ನೇ ಬಳಿಸಿ ಬಳಿಸಿ ಬಾಗಿಲಿನ ತೂಕ ಹೆಚ್ಚಾಗಿತ್ತೇ ಹೊರತು ಬಣ್ಣ ಬದಲಾಗಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಅಂಗಡಿಗೆ ನೀಲಿ ಬಾಗಿಲ ಅಂಗಡಿ ಎಂದೇ ಹೆಸರು. ಬಾಗಿಲ ಮೇಲೊಂದು ಬೋರ್ಡು ಇತ್ತು, ಅದರಲ್ಲಿ ಅಪ್ಪನ ಹೆಸರೂ ಇತ್ತು. ಅದನ್ನು ಓದಿದವನೆಂದರೆ ಅದನ್ನು ಬರೆದ ಪೇಂಟರ್ ಒಬ್ಬನೇ ಎಂದು ಕಾಣುತ್ತದೆ.

ರಾಜುವಿನ ಯೋಜನೆ ಸರಳವಾಗಿತ್ತು. ಬಾಗಿಲು ತೆಗೆಯುವುದು, ಆ ಜಾಗದಲ್ಲಿ ಉದ್ದಕ್ಕೂ ಗಾಜು ಹಾಕಿಸುವುದು, ಗಾಜಿನ ಹಿಂದೆ ಸೀರೆ ಉಟ್ಟ ಗೊಂಬೆ ನಿಲ್ಲಿಸುವುದು, ಮೇಲೆ ಹೊಸ ಹೆಸರಿನ ದೊಡ್ಡ ಬೋರ್ಡು. ಹೊಸ ಹೆಸರು ಎಷ್ಟು ಘನವಾಗಿತ್ತೆಂದರೆ ನನಗೇ ಬಾಯಿಪಾಠ ಆಗಲು ಸಮಯ ಹಿಡಿಯಿತು. ಹಳೆಯ ಬಾಗಿಲನ್ನು, ಉದಾರ ಮನಸ್ಸಿನಿಂದ, ಕೂಲಿಯ ಜೊತೆಗೆ ಬಡಗಿಗೇ ಕೊಟ್ಟುಬಿಟ್ಟೆ.

ಗಾಜು ಕೂತ ಮರುದಿನದಿಂದಲೇ ಅಂಗಡಿಯ ಮುಂದೆ ಜನ ನಿಲ್ಲತೊಡಗಿದರು. ನನಗೆ ರೋಮಾಂಚನವಾಯಿತು. ರಾಜು, "ನೋಡ್ರಿ ಮಾಮಾ, ನಿಂದ್ರಾಕತ್ತಾರ. ನಿಂತವ್ರು ಇವತ್ತಿಲ್ಲ ನಾಳಿ ಒಳಗ ಬಂದೇ ಬರ್ತಾರ" ಎಂದು ಹೇಳಿ ಸೊಲ್ಲಾಪುರದ ಬಸ್ಸು ಹತ್ತಿದ. ಜನ ನಿಂತದ್ದು ನಿಜ. ಗಾಜಿನಲ್ಲಿ ತಮ್ಮ ಮುಖ ನೋಡಿಕೊಳ್ಳಲು. ಕಾಲೇಜಿನ ಹುಡುಗರು ಕ್ರಾಪು ತಿದ್ದಿಕೊಂಡರು, ಹಿರಿಯರು ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡರು, ಒಬ್ಬ ಕಂಡಕ್ಟರ್ ದಿನಾ ಡ್ಯೂಟಿಗೆ ಹೋಗುವ ಮೊದಲು ಬಂದು ಮೀಸೆ ಸರಿ ಮಾಡಿಕೊಂಡು ಹೋಗತೊಡಗಿದ. ಒಳಗೆ ಕೂತ ನನಗೆ ಇಡೀ ಊರು ಹಲ್ಲು ಕಿಸಿದು ತೋರಿಸಿದಂತಾಗುತ್ತಿತ್ತು. ಅಷ್ಟು ಜನರಲ್ಲಿ ಒಬ್ಬನೂ ಒಳಗೆ ಬರಲಿಲ್ಲ.

ಗೊಂಬೆಯದು ಬೇರೆ ಪಾಡು. ಒಳಗೆ ಬಂದ ಒಬ್ಬಿಬ್ಬರು ಹೆಣ್ಣುಮಕ್ಕಳು ಕಪಾಟು ತುಂಬ ಇದ್ದ ಸೀರೆ ಬಿಟ್ಟು ಗೊಂಬೆ ಉಟ್ಟದ್ದನ್ನೇ ಕೇಳುತ್ತಿದ್ದರು. ಗೊಂಬೆಯ ಸೀರೆಯನ್ನು ಗಂಡಸರು ಬಿಚ್ಚಿ ಉಡಿಸುವುದು ನನ್ನ ಹೆಂಡತಿಗೆ ಸರಿಬರಲಿಲ್ಲ. "ಮಣ್ಣಿಂದಿರಲಿ, ಕಲ್ಲಿಂದಿರಲಿ, ಹೆಂಗಸು ಹೆಂಗಸೇ" ಎಂದುಬಿಟ್ಟಳು. ಹೀಗಾಗಿ ಒಂದು ಸೀರೆ ಮಾರಬೇಕಾದರೆ ಮನೆಯಿಂದ ಅವಳನ್ನು ಕರೆಸಿ, ಗೊಂಬೆಗೆ ಚಾದರ ಅಡ್ಡ ಹಿಡಿದು, ನಾನು ಆ ಕಡೆ ಮುಖ ಮಾಡಿ ನಿಲ್ಲಬೇಕಾಗುತ್ತಿತ್ತು.

ಇಷ್ಟಾದರೂ ನಾನು ಧೈರ್ಯದಿಂದಿದ್ದೆ, ಏಕೆಂದರೆ ಗೌಡರ ಮನೆಯ ಬಸ್ತಾ ಬರುವುದಿತ್ತು. ಬಸ್ತಾ ಎಂದರೆ ಮದುವೆಯ ಅರಿವೆ ಖರೀದಿ. ಬೀಗರು ಬಿಜ್ಜರೆಲ್ಲ ಕೂಡಿ ಬಂದು, ಅಂಗಡಿಯ ಗಾದಿಯ ಮೇಲೆ ಮುಂಜಾನೆ ಕೂತರೆ ಸಂಜೆ ಏಳುತ್ತಾರೆ. ವಧುವಿನ ಸೀರೆಯನ್ನು ಮೊದಲು ಆರಿಸಿ ಅದಕ್ಕೆ ಕುಂಕುಮ ಹಚ್ಚುತ್ತಾರೆ. ಕುಂಕುಮ ಹಚ್ಚಿದ ಮೇಲೆ ಆ ಅಂಗಡಿ ಬಿಟ್ಟು ಏಳುವಂತಿಲ್ಲ. ಅರ್ಧಕ್ಕೆ ಎದ್ದರೆ ಅಪಶಕುನ. ಭೀಮಾ ದಂಡೆಯ ಆ ಗೌಡರ ಮನೆಯ ಬಸ್ತಾ ನಮ್ಮಪ್ಪನ ಕಾಲದಿಂದ ನಮ್ಮಲ್ಲೇ ಆಗುತ್ತಿತ್ತು. ಅವರು ಎಲ್ಲಿ ಕೊಂಡರೋ ಅಲ್ಲಿಯೇ ಆ ಭಾಗದ ಹಳ್ಳಿಗಳೆಲ್ಲ ಕೊಳ್ಳುತ್ತಿದ್ದವು. ಅದೊಂದು ತಪ್ಪಿದರೆ ಆ ವರ್ಷದ ಮದುವೆ ಹಂಗಾಮೇ ತಪ್ಪಿದಂತೆ, ಗಾಜಿನ ಹಿಂದೆ ನಾನೂ ಗೊಂಬೆಯೂ ಇಬ್ಬರೇ ಉಳಿದಂತೆ. ಸೋಮವಾರ ಬರುತ್ತೇವೆಂದು ಗೌಡರು ಹೇಳಿ ಕಳಿಸಿದ್ದರು.

ಸೋಮವಾರ ಹೊಸ ಧೋತರ ಉಟ್ಟು, ಗಾದಿಗೆ ಬಿಳಿ ಹೊದಿಕೆ ಹಾಸಿ, ಚಹಾದವನಿಗೆ ಹೇಳಿಟ್ಟು ಕೂತೆ. ಕಂಡಕ್ಟರ್ ಬಂದು ಮೀಸೆ ತಿದ್ದಿಕೊಂಡು ಹೋದ. ಬಿಸಿಲೇರಿತು. ಗೌಡರ ಸುಳಿವಿಲ್ಲ. ಕೊನೆಗೆ ಓಣಿಯ ತಿರುವಿನಲ್ಲಿದ್ದ ಪಾನಪಟ್ಟಿಯವನನ್ನು ಹೋಗಿ ಕೇಳಿದೆ.

"ಬಂದಿದ್ರಲ್ರಿ, ಟೆಂಪೋ ತುಂಬ ಮಂದಿ" ಎಂದ ಅವನು, ಎಲೆಗೆ ಸುಣ್ಣ ಹಚ್ಚುತ್ತಲೇ. "ನೀಲಿ ಬಾಗಿಲ ದುಕಾನ ಎಲ್ಲದ ಅಂತ ಕೇಳಿದ್ರು. ಬಾಗಿಲ ಈಗ ಬಸ್ ಸ್ಟ್ಯಾಂಡ್ ಕಡಿ ಹೋಗ್ಯದ ಅಂತ ಹೇಳ್ದೆ."

"ನನ್ನ ದುಕಾನ ಇಲ್ಲೇ ಅದಲ್ಲೋ."

"ಅವ್ರು ನಿಮ್ಮನ್ನ ಎಲ್ಲಿ ಕೇಳಿದ್ರಿ ಸಾವ್ಕಾರ್ರ? ಬಾಗಿಲ ಕೇಳಿದ್ರು."

ಹಿಂದಿನ ಓಣಿ ಬಿಟ್ಟು ನೆಟ್ಟಗಿನ ದಾರಿಯಲ್ಲೇ ನಡೆದೆ. ಕಲ್ಲಪ್ಪನ ಅಂಗಡಿಗೆ ನಮ್ಮಪ್ಪನ ಬಾಗಿಲು ಕೂತಿತ್ತು. ಬಡಗಿ ಅದನ್ನು ಅವನಿಗೆ ಮಾರಿದ್ದ. ಸಾಗುವಾನಿ ಚಲೋ ಇದೆಯೆಂದು ಕಲ್ಲಪ್ಪ ಕೊಂಡಿದ್ದ, ಬಣ್ಣ ಇನ್ನೂ ಗಟ್ಟಿಯಿದೆಯೆಂದು ಹಾಗೇ ಬಿಟ್ಟಿದ್ದ. ನಾನು ಅವನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಮುಂಜಾನೆ ಗೌಡರು ಬಂದು "ನೀಲಿ ಬಾಗಿಲ ದುಕಾನ ಇದೇ ಹೌದಲ್ರಿ?" ಎಂದು ಕೇಳಿದಾಗ ಅವನು ಒಮ್ಮೆ ಬಾಗಿಲ ಕಡೆ ನೋಡಿ "ಹೌದ್ರಿ" ಎಂದಿದ್ದನಂತೆ. ಬೇರೇನು ಹೇಳಬೇಕಿತ್ತು?

ಒಳಗೆ ಗಾದಿ ತುಂಬ ಜನ. ನಡುವೆ ಗೌಡರ ತಾಯಿ ಗುರುಬಸಮ್ಮ ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ಹಸಿರು ಇಲಕಲ್ ಸೀರೆ, ಅದರ ಅಂಚಿಗೆ ಕುಂಕುಮ. ಕುಂಕುಮ ನೋಡಿದ ಕೂಡಲೇ ನಾನು ಹೊಸ್ತಿಲಲ್ಲೇ ನಿಂತೆ.

"ಬಂದೇನಪ್ಪಾ? ಮುಂಜಾನಿಂದ ದಾರಿ ನೋಡಾಕತ್ತೀವಿ" ಎಂದಳು ಆಕೆ. "ನಿನ್ನ ಮುನೀಮ ಭಾಳ ಒಳ್ಳ್ಯಾಂವ ಅದಾನ, ಖರೇ. ಆದ್ರ ಸೀರಿ ತೋರಸೂದು ಅವಗ ಬರಂಗಿಲ್ಲ. ಬಾ, ಕೂಡು."

ಮುನೀಮ, ಅಂದರೆ ನನ್ನ ಗುಮಾಸ್ತ ಎಂದು ಆಕೆ ತಿಳಿದದ್ದು ಕಲ್ಲಪ್ಪನನ್ನು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅಂಗಡಿ ನನ್ನದಲ್ಲ ಎಂದು ಹೇಳಿದರೂ ಕುಂಕುಮ ಹಚ್ಚಿದವರು ಏಳುವಂತಿಲ್ಲ, ಕೂತರೆ ಅವರ ಮನಸ್ಸಿಗೆ ಕಸಿವಿಸಿ. ಮದುವೆಯ ಸೀರೆ ಕೈಯಲ್ಲಿ ಹಿಡಿದ ಮುದುಕಿಗೆ ಅಂಥ ಮಾತು ಹೇಳುವ ಎದೆ ನನಗಿರಲಿಲ್ಲ. ಕಲ್ಲಪ್ಪ ಕೈ ಮುಗಿದು ಸರಿದು ಕೂತು ಜಾಗ ಬಿಟ್ಟ. ನಾನು ಕೂತೆ.

ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಸೀರೆ ಬಿಡಿಸಿದೆ, ಸೆರಗು ಬೆಳಕಿಗೆ ಹಿಡಿದೆ, ಸೊಸೆಗೆ ಯಾವ ಬಣ್ಣ ಒಪ್ಪುತ್ತದೆ, ಬೀಗಿತ್ತಿಗೆ ಯಾವ ಅಂಚು ಕೊಟ್ಟರೆ ಮುನಿಸು ಬರುವುದಿಲ್ಲ, ಎಲ್ಲ ಹೇಳಿದೆ. ಕಲ್ಲಪ್ಪನ ಕಪಾಟುಗಳು ಒಂದೊಂದಾಗಿ ಖಾಲಿಯಾದವು. ನನ್ನ ಅಂಗಡಿಯಲ್ಲಿ ನಾನು ಯಾವತ್ತೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಬೇಡ ಬೇಡವೆಂದರೂ ಒಳಗೊಳಗೆ ಖುಷಿಯೂ ಆಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಗುರುಬಸಮ್ಮ ಸುತ್ತಲೂ ನೋಡಿ, "ಈ ಹೊಸಾ ಜಾಗಾ ಚಲೋ ಅದ. ಬಸ್ ಇಳಿದ್ರ ದುಕಾನ. ಯಾರಪ್ಪಾ ನಿನಗ ಹೇಳಿದ್ದು?" ಎಂದು ಕೇಳಿದಳು.

"ನನ್ನ ಹೆಂಡ್ತಿ ತಮ್ಮ" ಎಂದೆ.

"ಶಾಣ್ಯಾ ಅದಾನ."

ಸಂಜೆ ಬಸ್ತಾ ಕಟ್ಟಿ, ತೆಂಗಿನಕಾಯಿ ಇಟ್ಟು, ಟೆಂಪೋ ಹೊರಟಿತು. ಬಸ್ತಾ ಮುಗಿದ ಮೇಲೆ ಹಿರಿಯರಿಗೆ ಅಂಗಡಿಯಿಂದ ಒಂದು ಅರಿವೆ ಉಡುಗೊರೆ ಕೊಡುವುದು ಪದ್ಧತಿ. ಕಲ್ಲಪ್ಪ ನನ್ನ ಕೈಯಲ್ಲಿ ಒಂದು ಶರ್ಟ್ ಪೀಸ್ ಇಟ್ಟು, ಬಹಳ ಸಂಕೋಚದಿಂದ, "ಸಾವ್ಕಾರ್ರ, ನಿಮಗ ತೊಂದ್ರಿ ಆತು" ಎಂದ. ತೊಂದರೆ ಏನಿಲ್ಲ ಎಂದು ನಾನೂ ಮರ್ಯಾದೆಗೆ ಹೇಳಿದೆ. ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವತ್ತು ಮಾತ್ರ ಆಗಲಿಲ್ಲ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಗೌಡರ ಬಸ್ತಾ ಆತೇನ್ರಿ?"

"ಆತು."

"ಎಲ್ಲಾ ನೀವೇ ತೋರಿಸಿದ್ರಿ?"

"ನಾನೇ."

ಅವಳ ಮುಖ ಅರಳಿತು. ನನ್ನ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು, ಬೆರಳಲ್ಲಿ ತಿಕ್ಕಿ ನೋಡಿದಳು. ವ್ಯಾಪಾರಿಯ ಹೆಂಡತಿ, ನಮ್ಮ ಕಪಾಟಿನಲ್ಲಿ ಏನಿದೆ ಏನಿಲ್ಲ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

"ಅರಿವಿ ಚಲೋ ಅದ" ಎಂದಳು. "ಆದ್ರ ಇದು ನಮ್ಮಲ್ಲಿಂದಲ್ಲ. ಎಲ್ಲಿ ತಂದ್ರಿ?"

"ನೀಲಿ ಬಾಗಿಲ ಅಂಗಡ್ಯಾಗ" ಎಂದೆ.